ಕೈಯಿಂದ ಕೈಗೆ ಬಂದ ಸಮಾಧಾನ

ಚಾಮರಾಜನಗರ
9 ಮಾರ್ಚ್ 1954

ತಂಗಿ ಸುಂದ್ರಮ್ಮನಿಗೆ ಅಣ್ಣ ಬೆನ್ಯಾಮೀನಯ್ಯನ ವಂದನೆಗಳು.

ನಾನು ಚೆನ್ನಾಗಿದ್ದೇನೆ. ಊರು ಚೆನ್ನಾಗಿಲ್ಲ. ಅದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ಹೋದ ಭಾನುವಾರ ನಮ್ಮ ದೇವಾಲಯದಲ್ಲಿ ಹೊಸ ಆರಾಧನಾ ಕ್ರಮ ಶುರುವಾಯಿತು. ನಿಮ್ಮ ಗುಂಡ್ಲುಪೇಟೆಗೂ ಬರುತ್ತದೆ, ತಯಾರಾಗಿರು. ಕರ್ತನ ಭೋಜನದ ರೊಟ್ಟಿ ಮುರಿಯುವ ಮುಂಚೆ ಪಾದ್ರಿ ಅಯ್ಯನವರು ಪೀಠದಿಂದ ಇಳಿದು ಬಂದು ಮುಂದಿನ ಚಾಪೆಯಲ್ಲಿ ಕುಳಿತವನ ಬಲಗೈಯನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದು ‘ದೇವರ ಸಮಾಧಾನ’ ಎನ್ನುತ್ತಾರೆ. ಅವನು ತನ್ನ ಪಕ್ಕದವನಿಗೆ ಹಾಗೆಯೇ ಕೊಡಬೇಕು, ಆ ಪಕ್ಕದವನು ಇನ್ನೊಬ್ಬನಿಗೆ. ಹೀಗೆ ಕೈಯಿಂದ ಕೈಗೆ ಕೊನೆಯ ಚಾಪೆಯ ತನಕ. ಹೆಂಗಸರ ಕಡೆ ಹೆಂಗಸರು. ತೆರಕಣಾಂಬಿಯ ಸಂತೆಯಲ್ಲಿ ದನದ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದು ನನಗೆ ಜ್ಞಾಪಕಕ್ಕೆ ಬಂತು. ನನ್ನ ಸಾಲಿಗೆ ಬರುವ ಮೊದಲೇ ಎದ್ದು ಹೊರಗೆ ಹೋದೆ.

ಸಾಯಂಕಾಲ ನಮ್ಮ ಹೊಸ ಜಯದಾಸ ಅಯ್ಯನವರು ಮನೆಗೆ ಬಂದರು. ಇನ್ನೂ ಹುಡುಗುತನ, ಆದರೆ ಮರ್ಯಾದಸ್ಥರು.

‘ಮೇಷ್ಟ್ರೇ, ಕೈ ಹಿಡಿಯೋದರಲ್ಲಿ ಏನು ತಪ್ಪು?’ ಎಂದರು.

‘ಕೈ ಹಿಡಿಯೋದರಲ್ಲಿ ತಪ್ಪಿಲ್ಲ ಸ್ವಾಮಿ. ಹಿಡಿದಾಗ ಆಡೋ ಮಾತಿನಲ್ಲಿದೆ. ನನ್ನ ಹತ್ತಿರ ಇಲ್ಲದ್ದನ್ನ ಪಕ್ಕದವನಿಗೆ ಎಲ್ಲಿಂದ ತಂದು ಕೊಡಲಿ?’ ಎಂದೆ.

ಅವರಿಗೆ ಏನೂ ತಿಳಿಯದು. ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. 1923ರ ಪ್ಲೇಗಿನಲ್ಲಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದದ್ದು, ನೀನು ಮೈಸೂರಿನಲ್ಲಿ ನರ್ಸ್ ತರಬೇತಿಯಲ್ಲಿದ್ದದ್ದು, ಅಮ್ಮ ಹೋದದ್ದು. ಸಮಾಧಿ ತೋಟದ ಬೀಗದ ಕೈಗಾಗಿ ನಾನು ಉಪದೇಶಿ ಎಲೀಷಪ್ಪನ ಮನೆಗೆ ಹೋದದ್ದು. ಪಾದ್ರಿಗಳಿಲ್ಲದಾಗ ಮುಂದೆ ನಿಂತು ಮಣ್ಣು ಮಾಡಿಸಬೇಕಾದವನು ಅವನು. ಅವನ ಹೆಂಡತಿ ಬಾಗಿಲ ಸಂದಿಯಿಂದ ‘ಅವರು ಊರಲ್ಲಿಲ್ಲ’ ಎಂದಳು. ಒಳಗಿನಿಂದ ಅವನ ಧ್ವನಿ ನನ್ನ ಈ ಕಿವಿಗೇ ಬಿತ್ತು: ‘ಇಲ್ಲ ಅಂತ ಏಳಿ ಕಳ್ಸು. ಬಾಗ್ಲು ತೆಗೀಬ್ಯಾಡ.’ ಬೀಗದ ಕೈಯನ್ನು ಕಿಟಕಿಯಿಂದ ಎಸೆದಿದ್ದರೂ ಸಾಕಾಗಿತ್ತು. ಆ ತೋಟದ ಗೋಡೆಯ ಹೊರಗೆ, ಬೇಲಿ ಪಕ್ಕದಲ್ಲಿ, ನಾನೂ ಪಕ್ಕದ ಮನೆಯ ಅಬ್ದುಲ್ ರಹೀಮರೂ ಗುಂಡಿ ತೋಡಿ ಅಮ್ಮನನ್ನು ಇಳಿಸಿದೆವು. ಪ್ರಾರ್ಥನೆ ಮಾಡಿದವನು ನಾನು, ಆಮೀನ್ ಎಂದವರು ರಹೀಮರು.

ಆ ಎಲೀಷಪ್ಪ ಅದೇ ವರ್ಷ ವರ್ಗವಾಗಿ ಹಾಸನದ ಕಡೆ ಹೋದ. ಅಲ್ಲಿ ಒಂದು ಕೂಟದಲ್ಲಿ ‘ನಾನು ದೊಡ್ಡ ಪಾಪಿ, ದೇವರು ನನ್ನನ್ನು ಕ್ಷಮಿಸಿದ್ದಾನೆ’ ಎಂದು ಸಾಕ್ಷಿ ಹೇಳಿದನಂತೆ. ಯಾವ ಪಾಪ, ಯಾರಿಗೆ ಮಾಡಿದ್ದು, ಅದನ್ನು ಹೇಳಲಿಲ್ಲವಂತೆ. ಈಗ ಸತ್ತನೋ ಇದ್ದಾನೋ ತಿಳಿಯದು.

ಅಂದಿನಿಂದ ನಾನು ಕರ್ತನ ಮೇಜಿನ ಹತ್ತಿರ ಹೋಗಿಲ್ಲ. ಮೊದಲು ಸಹೋದರನೊಂದಿಗೆ ರಾಜಿಯಾಗು, ಆಮೇಲೆ ಬಾ ಎಂದು ಹೇಳಿದವನು ಕರ್ತನೇ. ನಾನು ರಾಜಿಯಾಗಿಲ್ಲ. ಆಗಿದ್ದೇನೆಂದು ಸುಳ್ಳು ಹೇಳಿ ಆ ರೊಟ್ಟಿ ತಿನ್ನಲಾರೆ. ಜನ ಇದನ್ನು ಹಠ ಎನ್ನುತ್ತಾರೆ. ನಾನು ಲೆಕ್ಕ ತಪ್ಪದಿರುವುದು ಎನ್ನುತ್ತೇನೆ. ಆದರೆ ಎಲ್ಲರೂ ಎದ್ದು ಮುಂದೆ ಹೋಗಿ, ನಾನೊಬ್ಬನೇ ಚಾಪೆಯಲ್ಲಿ ಉಳಿಯುವಾಗ ಹೊಟ್ಟೆಯಲ್ಲಿ ಒಂದು ಹಸಿವು ಆಗುತ್ತದೆ. ಇದನ್ನು ಅಯ್ಯನವರಿಗೆ ಹೇಳಲಿಲ್ಲ.

ನಿನ್ನ ಅಣ್ಣ,
ಬೆನ್ಯಾಮೀನಯ್ಯ


ಗುಂಡ್ಲುಪೇಟೆ
22 ಮಾರ್ಚ್ 1954

ಅಣ್ಣಯ್ಯನವರಿಗೆ ಸುಂದ್ರಮ್ಮನ ವಂದನೆಗಳು.

ನಿಮ್ಮ ಕಾಗದ ತಲುಪಿ ವಾರವಾಯಿತು. ಬೇಗೂರಿನಿಂದ ಎರಡು ಹೆರಿಗೆ ಬಂದವು, ಕೂತು ಬರೆಯಲು ಬಿಡುವಾಗಲಿಲ್ಲ.

ಆಸ್ಪತ್ರೆಗೆ ಒಬ್ಬ ಮುದುಕರು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ದಿನಾ ಬರುತ್ತಾರೆ. ನಮ್ಮ ಸಭೆಯವರೇ. ಸಕ್ಕರೆ ಕಾಯಿಲೆ, ಗಾಯ ಮಾಯುವುದಿಲ್ಲ. ಮಗಳ ಮನೆಗೆ ಬಂದು ಸೇರಿದ್ದಾರೆ. ನೋವಾದರೂ ಕೂಗುವುದಿಲ್ಲ, ಬದಲಿಗೆ ಮಾತಾಡುತ್ತಾರೆ. ನೀವು ದಲ್ಲಾಳಿಗಳ ಬಗ್ಗೆ ಬರೆದದ್ದನ್ನು ಹೇಳಿದೆ. ತುಂಬಾ ನಕ್ಕರು. ಆಮೇಲೆ ಹೇಳಿದರು:

‘ನಿಮ್ಮಣ್ಣಾವ್ರು ಸರ್ಯಾಗೇ ಅಂದವ್ರೆ ಕಣವ್ವ. ಕೈಲಿಲ್ದುದ್ನ ಕೊಡೋಕಾಯ್ತದಾ? ಆದ್ರೆ ನಂದು ಅಂತ ಕೊಟ್ರೆ ತಾನೇ ಸುಳ್ಳು? ಅಂಚೆಯವ್ನು ಮನೆಮನೆಗೂ ಕಾಗ್ದ ಕೊಡ್ತಾನೆ. ಬರ್ದೋನು ಅವ್ನಾ?’

ನಿಮಗೆ ಹೇಳಬೇಕೆನಿಸಿತು. ಮನೆಯಲ್ಲಿ ಹಳೆಯ ಮೆತ್ತನೆಯ ಬಟ್ಟೆಗಳಿದ್ದರೆ ಕಳಿಸಿ. ಇಲ್ಲಿ ಕೊಡುವ ಪಟ್ಟಿ ಬಟ್ಟೆ ಒರಟು, ಅವರ ಚರ್ಮ ತಡೆಯದು.

ನಿಮ್ಮ ತಂಗಿ,
ಸುಂದ್ರಮ್ಮ


ಚಾಮರಾಜನಗರ
2 ಏಪ್ರಿಲ್ 1954

ಸುಂದ್ರಮ್ಮ,

ನನ್ನ ಹಳೆಯ ಪಂಚೆಗಳನ್ನು ಕುದಿಸಿ ಒಣಗಿಸಿ ಬಸ್ಸಿನಲ್ಲಿ ಕಳಿಸಿದ್ದೇನೆ. ನಿನ್ನ ಅತ್ತಿಗೆಯ ಕೈಯಲ್ಲಿ ಒಗೆಸಿಕೊಂಡು ಒಗೆಸಿಕೊಂಡು ಬೆಣ್ಣೆಯಂತಾಗಿವೆ. ಹರಿದು ಉಪಯೋಗಿಸು.

ಅಂಚೆಯವನ ಮಾತನ್ನು ನಾನು ಎರಡು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಜಯದಾಸ ಅಯ್ಯನವರಿಗೂ ಹೇಳಿದೆ. ‘ಇದು ನನಗೆ ಹೊಳೆಯಬೇಕಾಗಿತ್ತು’ ಎಂದು ಪೆಚ್ಚಾದರು. ನಿಮ್ಮ ಇಡೀ ತಾಲ್ಲೂಕಿನಲ್ಲಿ ಇವರೊಬ್ಬರೇ ಯೋಚನೆ ಮಾಡುವ ಕ್ರೈಸ್ತರೆಂದು ಕಾಣುತ್ತದೆ. ಅವರ ಹೆಸರೇನು, ಯಾವ ಕಡೆಯವರು, ತಿಳಿಸು.

ಅವರಿಗೆ ನನ್ನದೊಂದು ಪ್ರಶ್ನೆ ಕೇಳು. ಒಬ್ಬ ಇನ್ನೊಬ್ಬನಿಗೆ ಅನ್ಯಾಯ ಮಾಡುತ್ತಾನೆ. ಆಮೇಲೆ ದೇವರ ಮುಂದೆ ಅಳುತ್ತಾನೆ, ದೇವರು ಕ್ಷಮಿಸುತ್ತಾನೆ. ಅನ್ಯಾಯಕ್ಕೆ ಗುರಿಯಾದವನನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಮಾಡಿದವನು ಹಗುರಾಗಿ ಹಾಡು ಹೇಳಿಕೊಂಡು ಹೋಗುತ್ತಾನೆ, ಅನುಭವಿಸಿದವನು ನಿಂತಲ್ಲೇ ನಿಂತಿರುತ್ತಾನೆ. ನನ್ನ ತಾಯಿಯ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲದೆ ಕ್ಷಮಿಸಲು ದೇವರಿಗಾದರೂ ಹೇಗೆ ಮನಸ್ಸು ಬಂತು? ಪಾದ್ರಿಗಳನ್ನು ಕೇಳಿದರೆ ಕೃಪೆ ಎನ್ನುತ್ತಾರೆ. ನನಗೆ ಕೃಪೆಯ ವ್ಯಾಖ್ಯಾನ ಬೇಡ, ಉತ್ತರ ಬೇಕು.

ಬೆನ್ಯಾಮೀನಯ್ಯ


ಗುಂಡ್ಲುಪೇಟೆ
3 ಮೇ 1954

ಅಣ್ಣಯ್ಯನವರಿಗೆ,

ತಡವಾಯಿತು. ನಿಮ್ಮ ಪ್ರಶ್ನೆಯನ್ನು ನೀವು ಬರೆದಂತೆಯೇ ಓದಿ ಹೇಳಿದೆ. ಆ ದಿನ ತಾತ ಕೇಳಿದ ಕೂಡಲೇ ಎದ್ದು ಹೋದರು. ಮಾರನೆಯ ದಿನದಿಂದ ಪಟ್ಟಿ ಕಟ್ಟಿಸಿಕೊಳ್ಳಲು ಬರಲೇ ಇಲ್ಲ. ನಾನೇ ಮನೆಗೆ ಹೋಗಿ ಬೈದು ಗಾಯ ತೊಳೆದೆ. ಆಗ ಹೇಳಿದರು. ಮರೆಯಬಾರದೆಂದು ಅಲ್ಲೇ ಬರೆದುಕೊಂಡೆ:

‘ದೇವ್ರು ನನ್ನ ಬುಟ್ಬುಟ್ಟವ್ನೆ, ಅದ್ರಲ್ಲಿ ಅನುಮಾನ ಇಲ್ಲ ಕಣವ್ವ. ಆದ್ರೆ ನಾನ್ ತಪ್ ಮಾಡಿದ್ದು ಒಬ್ಬ ಮನ್ಸಂಗೆ. ಆ ಮನ್ಸನ್ ಬದ್ಲು ದೇವ್ರು ರುಜು ಆಕ್ಕೊಟ್ನಾ ಅಂತ ನಿಮ್ಮಣ್ಣಾವ್ರು ಕೇಳ್ತಾವ್ರೆ. ಇಲ್ಲ, ಆಕ್ಕೊಟ್ಟಿಲ್ಲ. ದೇವ್ರು ಬೇಡಿ ಬಿಚ್ಚವ್ನೆ. ಬಿಚ್ಚಿದ್ ಕಾಲಲ್ಲಿ ಎತ್ತಗೋಗ್ಬೇಕು ಅಂತ ನಂಗೆ ಗೊತ್ತು. ಓಗೋಕೆ ಎದ್ರಿಕೆ. ಬುಡುಗಡೆ ಆದ್ಮೇಲೂ ಜೈಲ್ ಒಳ್ಗೇ ಕೂತಿರೋನ್ನ ಎಲ್ಲಾರಾ ಕಂಡಿದ್ದೀಯಾ? ನೋಡು, ಇಲ್ ಕುಂತವ್ನೆ.’

ಇಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡರು.

ಹೆಸರು ಕೇಳಿದ್ದೀರಿ. ರೋಗಿಗಳ ಹೆಸರನ್ನು ಕಾಗದದಲ್ಲಿ ಬರೆಯುವ ರೂಢಿ ನನಗಿಲ್ಲ. ಎಲ್ಲರೂ ತಾತ ಎಂದೇ ಕರೆಯುತ್ತಾರೆ. ನಿಮ್ಮ ಪಂಚೆಗಳು ಬಹಳ ಉಪಯೋಗವಾಗಿವೆ.

ಆಗಸ್ಟ್ ಮೊದಲನೆಯ ಭಾನುವಾರ ಜಯದಾಸ ಅಯ್ಯನವರು ಇಲ್ಲಿಗೆ ಬಂದು ನಮ್ಮ ಮನೆಯ ಹಜಾರದಲ್ಲಿ ಭೋಜನದ ಆರಾಧನೆ ನಡೆಸುತ್ತಾರಂತೆ. ನಾವು ಇರುವವರೇ ಏಳೆಂಟು ಮನೆ. ಹೊಸ ಕ್ರಮವೇ ಇರುತ್ತದೆ.

ಸುಂದ್ರಮ್ಮ


ಚಾಮರಾಜನಗರ
12 ಜುಲೈ 1954

ಸುಂದ್ರಮ್ಮ,

ಆಗಸ್ಟ್ ಒಂದಕ್ಕೆ ನಾನೂ ಅಯ್ಯನವರ ಜೊತೆ ಬರುತ್ತೇನೆ. ಆರಾಧನೆಗಾಗಿ ಅಲ್ಲ, ನಿನ್ನ ತಾತನನ್ನು ನೋಡುವುದಕ್ಕೆ.

ಅವರ ಉತ್ತರವನ್ನು ನಾನು ಎಷ್ಟು ಸಲ ಓದಿದೆನೋ. ಕ್ಷಮೆ ಪಡೆದವನು ಹಾಡಿಕೊಂಡು ಹೋಗುತ್ತಾನೆ ಎಂದೇ ನಾನು ತಿಳಿದಿದ್ದೆ. ಅವನೂ ಕೂತಲ್ಲೇ ಕೂತಿರಬಹುದು ಎಂಬುದು ತೋಚಿರಲಿಲ್ಲ. ನನ್ನ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ, ಉತ್ತರವಿಲ್ಲ ಎಂದು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆಯನ್ನು ನಾನು ಪೀಠದ ಮೇಲೆ ನಿಂತು ಬೋಧಿಸುವವರಲ್ಲಿ ಕಂಡಿಲ್ಲ.

ಅವರು ಯಾರಿಗೋ ಏನೋ ಅನ್ಯಾಯ ಮಾಡಿರಬೇಕು. ಆ ಮನುಷ್ಯ ಬದುಕಿದ್ದರೆ ನೀನೇ ಅವರನ್ನು ಕರೆದುಕೊಂಡು ಹೋಗು. ಅವನು ಕಲ್ಲಾಗಿದ್ದರೂ ಇವರ ಬಾಯಿಂದ ಈ ಮಾತು ಕೇಳಿದರೆ ಕರಗುತ್ತಾನೆ. ಕರಗದಿದ್ದರೆ ನನಗೆ ತಿಳಿಸು, ನಾನು ಬಂದು ಮಾತಾಡುತ್ತೇನೆ.

ಬೆನ್ಯಾಮೀನಯ್ಯ


ಗುಂಡ್ಲುಪೇಟೆ
20 ಜುಲೈ 1954

ಅಣ್ಣಯ್ಯನವರಿಗೆ,

ನೀವು ಬರುವುದು ಸಂತೋಷ. ಶನಿವಾರವೇ ಬಂದರೆ ಒಳ್ಳೆಯದು, ಮಾತಾಡಲು ಹೊತ್ತಿರುತ್ತದೆ. ಒಂದು ವಿಷಯವನ್ನು ಮೊದಲೇ ಬರೆಯಬೇಕೆಂದು ಎರಡು ಸಲ ಕೂತೆ. ಎರಡು ಸಲವೂ ಹರಿದು ಹಾಕಿದೆ. ಎದುರಿಗೆ ಹೇಳುವುದೇ ಸರಿ.

ಕಲ್ಲಾದರೂ ಕರಗುತ್ತದೆ ಎಂದು ನೀವು ಬರೆದದ್ದನ್ನು ತಾತನಿಗೆ ಓದಿ ಹೇಳಿದೆ. ಅವರು ‘ಇನ್ನೊಂದ್ಸಲ ಓದವ್ವ’ ಎಂದರು. ಓದಿದೆ.

ಸುಂದ್ರಮ್ಮ


ಚಾಮರಾಜನಗರ
2 ಆಗಸ್ಟ್ 1954

ಸುಂದ್ರಮ್ಮ,

ನಿನ್ನೆ ನಡೆದದ್ದನ್ನು ಬರೆದಿಡುತ್ತೇನೆ. ನಾಳೆ ನೀನು ಬೇರೆ ರೀತಿಯಲ್ಲಿ ಜ್ಞಾಪಿಸಿಕೊಳ್ಳಬಾರದು.

ಶನಿವಾರ ಬಸ್ಸು ಕೆಟ್ಟಿತು. ನಾವು ಬಂದದ್ದು ಭಾನುವಾರ, ಆರಾಧನೆಯ ಹೊತ್ತಿಗೆ ಸರಿಯಾಗಿ. ನೀನು ಬಾಗಿಲಲ್ಲಿ ನನ್ನನ್ನು ತಡೆದು ‘ಅಣ್ಣಯ್ಯ, ಒಂದು ನಿಮಿಷ’ ಎಂದೆ. ಅಯ್ಯನವರು ಗೀತೆ ಶುರು ಮಾಡಿಬಿಟ್ಟರು. ನಾನು ‘ಆಮೇಲೆ’ ಎಂದೆ. ಅಷ್ಟು ನನ್ನ ತಪ್ಪು ಇರಲಿ.

ಕಾಲಿಗೆ ಪಟ್ಟಿ ಕಟ್ಟಿದ್ದ ಮುದುಕರನ್ನು ಕಂಡು ನಾನೇ ಹೋಗಿ ಪಕ್ಕದಲ್ಲಿ ಕುಳಿತೆ. ಹಲ್ಲಿಲ್ಲ, ಎದೆಯವರೆಗೆ ಗಡ್ಡ, ಕಣ್ಣಿಗೆ ಪೊರೆ. ನಾನು ಗುರುತಿಸಲಿಲ್ಲ. ಪ್ರೀತಿಯಿಂದ ಕುಳಿತೆ, ಸುಂದ್ರಮ್ಮ. ಈ ವರ್ಷ ಬೇರೆ ಯಾರ ಪಕ್ಕದಲ್ಲೂ ಹಾಗೆ ಕುಳಿತಿಲ್ಲ. ಸಮಾಧಾನ ಕೊಡುವ ಸಮಯ ಬಂತು. ಇಂದು ಎದ್ದು ಹೋಗುವುದಿಲ್ಲ, ಇವರ ಕೈಯಿಂದ ತೆಗೆದುಕೊಳ್ಳುತ್ತೇನೆ ಎಂದು ನಿಶ್ಚಯಿಸಿಕೊಂಡು ಬಲಗೈಯನ್ನು ಮುಂದೆ ಮಾಡಿದೆ. ಅವರು ನನ್ನ ಕಡೆ ತಿರುಗಿ, ಇನ್ನೂ ನನ್ನ ಕೈ ಮುಟ್ಟದೆ, ನನಗೆ ಮಾತ್ರ ಕೇಳುವಂತೆ ಹೇಳಿದರು:

‘ಮೇಷ್ಟ್ರೇ, ನಾನು ಎಲೀಷ.’

ಆಮೇಲೆ ಕೈಗಳನ್ನು ಚಾಚಿ ‘ದೇವರ ಸಮಾಧಾನ’ ಎಂದ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಎದ್ದೆ. ಬಸ್ ನಿಲ್ದಾಣಕ್ಕೆ ಬಂದೆ.

ನೀನು ನನ್ನ ಪಂಚೆಗಳನ್ನು ಅವನ ಕಾಲಿಗೆ ಸುತ್ತಿದೆ. ನನ್ನ ಕಾಗದಗಳನ್ನು ಅವನಿಗೆ ಓದಿದೆ. ನಮ್ಮ ತಾಯಿಯ ವಿಷಯದ ಪ್ರಶ್ನೆಗೆ ಅವನಿಂದಲೇ ಉತ್ತರ ಹೇಳಿಸಿದೆ. ಬಂದು ಕಲ್ಲಿನ ಜೊತೆ ಮಾತಾಡುತ್ತೇನೆ ಎಂದು ನಾನು ಬರೆದಾಗ ನೀವಿಬ್ಬರೂ ಏನೆಂದುಕೊಂಡಿರಿ? ಅವನ ಮೇಲಿನ ಸಿಟ್ಟು ನನಗೆ ಹಳೆಯದು, ಅಭ್ಯಾಸವಿದೆ. ನಿನ್ನ ಮೇಲಿನದು ಹೊಸದು. ಇನ್ನು ನನಗೆ ಬರೆಯಬೇಡ.

ಬೆನ್ಯಾಮೀನಯ್ಯ


ಗುಂಡ್ಲುಪೇಟೆ
9 ಆಗಸ್ಟ್ 1954

ಅಣ್ಣಯ್ಯನವರಿಗೆ,

ಬರೆಯಬೇಡ ಎಂದಿರಿ. ಇದೊಂದು ಓದಿ.

ಮುಚ್ಚಿಟ್ಟದ್ದು ತಪ್ಪು. ಮೊದಲು, ಹೇಳಿದರೆ ನೀವು ಕಾಗದ ನಿಲ್ಲಿಸುತ್ತೀರೆಂದು ಹೆದರಿದೆ. ಆಮೇಲೆ ನಿಮಗೆ ಅವರು ಇಷ್ಟವಾದರು, ನನಗೆ ಆಸೆ ಬಂತು. ಅವರು ‘ಏಳ್ಬುಡವ್ವ, ಇದು ಸರ್ಯಲ್ಲ’ ಎಂದು ಎಷ್ಟೋ ಸಲ ಹೇಳಿದರು. ಶನಿವಾರ ನೀವು ಬಾರದಿದ್ದಾಗ, ಬಾಗಿಲಲ್ಲಿ ಹೇಳಲಾಗದಿದ್ದರೆ ಊಟವಾದ ಮೇಲೆ ನಾನೇ ಹೇಳುತ್ತೇನೆ, ಅಲ್ಲಿಯ ತನಕ ಸುಮ್ಮನಿರಿ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆ. ಅವರು ಮಾತು ಮುರಿದರು. ಯಾಕೆ ಎಂದು ಕೇಳಿದೆ. ‘ಎಸ್ರು ಏಳ್ದೆ ಆ ಕೈ ಇಡ್ಕಂಡಿದ್ರೆ ಇನ್ನೊಂದ್ಸಲ ಬಾಗ್ಲಿಂದೆ ನಿಂತಂಗಾಗ್ತಿತ್ತು’ ಎಂದರು.

ನೀವು ಎದ್ದು ಹೋದ ಮೇಲಿನದು ನಿಮಗೆ ತಿಳಿಯದು. ನಿಮ್ಮ ಆ ಪಕ್ಕದಲ್ಲಿ ಕೂತಿದ್ದವರು ಮರದ ಡಿಪೋದ ರೈಟರ್ ಕುರಿಯನ್, ಮಲಯಾಳದವರು. ಅವರು ಕೈ ಚಾಚಿಕೊಂಡೇ ಕೂತಿದ್ದರು, ಅವರ ಆಚೆಯವರು ಕಾಯುತ್ತಿದ್ದರು. ಸಮಾಧಾನ ನಿಮ್ಮ ಜಾಗದಲ್ಲಿ ನಿಂತುಹೋಗಿತ್ತು. ತಾತ ಎರಡು ಕೈ ಊರಿ, ಆ ಕಾಲನ್ನು ಎಳೆದುಕೊಂಡು, ನಿಮ್ಮ ಖಾಲಿ ಜಾಗವನ್ನು ದಾಟಿ ಹೋಗಿ ಕುರಿಯನ್ ಕೈ ಹಿಡಿದರು. ಆಮೇಲೆ ಅದು ಕೊನೆಯ ತನಕ ಹೋಯಿತು.

ಅಮ್ಮ ನನಗೂ ಅಮ್ಮ. ಆಸ್ಪತ್ರೆಯಲ್ಲಿ ಮೊದಲನೆಯ ದಿನ ಚೀಟಿಯಲ್ಲಿ ಅವರ ಹೆಸರನ್ನು ಎರಡು ಸಲ ಓದಿದೆ. ಬೇರೆಯವರಿಗೆ ಬರೆದುಕೊಡಬಹುದಿತ್ತು. ಕೊಡಲಿಲ್ಲ. ಗಾಯ ಬಿಚ್ಚಿದೆ, ತೊಳೆದೆ, ಕಟ್ಟಿದೆ. ದೇವರಿಗಾಗಿ ಅಲ್ಲ, ಕೆಲಸ ಅದು. ಮಾರನೆಯ ದಿನವೂ ಹಾಗೆಯೇ. ಮನಸ್ಸು ಗಟ್ಟಿಯಾಗಿಯೇ ಇತ್ತು. ಯಾವ ದಿನ ಅದು ಸಡಿಲವಾಯಿತೋ ಹೇಳಲಾರೆ. ಒಂದು ಬೆಳಿಗ್ಗೆ ಅವರು ಬರುವುದು ತಡವಾಯಿತು, ನಾನು ಬಾಗಿಲ ಕಡೆ ನೋಡುತ್ತಿದ್ದೆ. ಆಗ ತಿಳಿಯಿತು.

ಕ್ಷಮಿಸುವ ಮನಸ್ಸು ಮೊದಲು ಬರಬೇಕು, ಕೈ ಆಮೇಲೆ ಚಾಚಬೇಕು ಎಂದು ನೀವು ಕಾಯುತ್ತಿದ್ದೀರಿ. ನನಗೆ ಕೈ ಮೊದಲು ಹೋಯಿತು.

ಸುಂದ್ರಮ್ಮ


ಗುಂಡ್ಲುಪೇಟೆ
4 ಅಕ್ಟೋಬರ್ 1954

ಅಣ್ಣಯ್ಯನವರಿಗೆ,

ಉತ್ತರ ಬರಲಿಲ್ಲ. ಬರಲೇಬೇಕೆಂದಿಲ್ಲ. ತಾತನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಾಲಿನ ಬೆರಳು ತೆಗೆಸಿದರು. ಈಗ ಮಗಳ ಮನೆಯಲ್ಲಿ ಮಲಗಿದ್ದಾರೆ, ಗಾಯ ಒಣಗುತ್ತಿದೆ. ನಿಮ್ಮ ವಿಷಯ ಅವರು ಎತ್ತುವುದಿಲ್ಲ. ನಾನು ಹೋದಾಗ ‘ಅಂಚೆ ಬಂತಾ?’ ಎಂದು ಮಾತ್ರ ಕೇಳುತ್ತಾರೆ.

ಚಳಿ ಶುರುವಾಗುತ್ತಿದೆ. ಕೆಮ್ಮಿಗೆ ಔಷಧಿ ಕಳಿಸಿದ್ದೇನೆ.

ಸುಂದ್ರಮ್ಮ


ಚಾಮರಾಜನಗರ
25 ಅಕ್ಟೋಬರ್ 1954

ಸುಂದ್ರಮ್ಮ,

ಔಷಧಿ ತಲುಪಿತು. ಕಹಿ.

ಇದು ರಾಜಿಯ ಕಾಗದವಲ್ಲ. ಒಂದು ವಿಷಯ ಬಗೆಹರಿಯುತ್ತಿಲ್ಲ, ಬೇರೆ ಯಾರಿಗೆ ಬರೆಯಲಿ? ಅವನು ಹೆಸರು ಹೇಳಬೇಕಾಗಿರಲಿಲ್ಲ. ನನ್ನ ಕೈ ಆಗಲೇ ಮುಂದೆ ಇತ್ತು. ಸುಮ್ಮನೆ ಹಿಡಿದುಕೊಂಡಿದ್ದರೆ ಅವನಿಗೆ ಬೇಕಾದದ್ದು ಸಿಕ್ಕುತ್ತಿತ್ತು. ಊರಲ್ಲಿಲ್ಲ ಎಂದು ಹೇಳಿಸಿದ ಅದೇ ಮನುಷ್ಯ, ಇಲ್ಲಿದ್ದೇನೆ ಎಂದು ತಾನೇ ಹೇಳಿದ. ನಾನು ಉಗಿಯಬಹುದಿತ್ತು. ಅದೂ ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ನಾನು ಅವನನ್ನು ಹೇಡಿ ಎಂದು ಕರೆದಿದ್ದೇನೆ. ಈಗ ಆ ಮಾತು ಬಾಯಿಗೆ ಬಂದರೆ ಪೂರ್ತಿ ನಿಜವಲ್ಲ ಎನಿಸಿ ನುಂಗಿಕೊಳ್ಳುತ್ತೇನೆ. ನನಗೆ ಇದು ಕಷ್ಟ.

ರಹೀಂ ಸಾಹೇಬರ ಅಂಗಡಿಗೆ ಹೋಗಿ ಕುಳಿತು ಕೇಳಿದೆ.

‘ಆ ಬೆಳಿಗ್ಗೆ ನಿಮಗೆ ಸಿಟ್ಟು ಬರಲಿಲ್ಲವೇ?’

‘ಬಂತು ಮೇಷ್ಟ್ರೇ. ನಮ್ದು ಗುದ್ದಲಿ ಕಾವು ಮುರ್ದೋಯ್ತಲ್ಲ, ಅದಕ್ಕೆ. ನೆಲ ಅಷ್ಟು ಗಟ್ಟಿ ಇತ್ತು.’

‘ಎಲೀಷಪ್ಪನ ಮೇಲೆ?’

‘ಬಾಗಿಲು ಹಾಕ್ಕೊಂಡ. ಆ ವರ್ಷ ಯಾರು ಹಾಕ್ಕೊಳ್ಳಲಿಲ್ಲ ಹೇಳಿ? ನಮ್ಮ ಮಾಮೂನೇ ನಮ್ಮನ್ನ ಒಳಗೆ ಬಿಡಲಿಲ್ಲ. ಆಮೇಲೆ ಅವರ ಮಗಳು ಅಮೀರುನ್ನೀಸಾನೇ ನಾನು ಮದುವೆ ಮಾಡ್ಕೊಂಡೆ. ಸಿಟ್ಟು ಇಟ್ಕೊಂಡಿದ್ದಿದ್ದರೆ ನನಗೆ ಅಡಿಗೆ ಯಾರು ಮಾಡ್ತಿದ್ರು?’

ನಾನು ನಗಲಿಲ್ಲ. ಮನೆಗೆ ಬಂದ ಮೇಲೆ ನಗು ಬಂತು.

ಕೈ ಮೊದಲು ಹೋಯಿತು ಎಂದು ಬರೆದಿದ್ದೀಯ. ನಿನ್ನ ಕೈಗೆ ಕೆಲಸವಿತ್ತು. ನನ್ನ ಕೈಗೆ ಏನಿದೆ? ನಾನು ಬರೆಯುವವನು, ನೆನಪಿಟ್ಟುಕೊಳ್ಳುವವನು.

ಬೆನ್ಯಾಮೀನಯ್ಯ


ಚಾಮರಾಜನಗರ
6 ಡಿಸೆಂಬರ್ 1954

ತಂಗಿ ಸುಂದ್ರಮ್ಮನಿಗೆ,

ಶನಿವಾರ ನಾನು ಗುಂಡ್ಲುಪೇಟೆಗೆ ಬಂದಿದ್ದೆ. ನೀನು ಹೆರಿಗೆ ಮಾಡಿಸಲೆಂದು ಭೀಮನಬೀಡಿಗೆ ಹೋಗಿದ್ದೆಯಂತೆ. ನಿನ್ನನ್ನು ನೋಡಲು ಬಂದದ್ದಲ್ಲ, ಆದ್ದರಿಂದ ಬೇಸರವಾಗಲಿಲ್ಲ.

ಎಲೀಷಪ್ಪನ ಮಗಳು ಒಂದು ಸ್ಟೂಲು ತಂದಿಟ್ಟಳು. ನಾನು ಕೂರಲಿಲ್ಲ. ನಿಂತೇ ಶುರು ಮಾಡಿದೆ. ಪ್ಲೇಗಿನ ಗುಡಿಸಲು, ಅಮ್ಮನಿಗೆ ಗಡ್ಡೆ ಎದ್ದದ್ದು, ಬೆಳಗಿನ ಜಾವ, ಅವನ ಮನೆ ಬಾಗಿಲು, ಹೆಂಡತಿಯ ಮಾತು, ಅವನ ಧ್ವನಿ, ಗೋಡೆಯ ಹೊರಗಿನ ನೆಲ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಅವನು ಮಲಗಿದ್ದಲ್ಲಿಂದ ಒಂದೊಂದಕ್ಕೂ ‘ದಿಟ’ ಎನ್ನುತ್ತಿದ್ದ. ಹೆಂಡತಿ ಮಕ್ಕಳ ಹೆದರಿಕೆ ಎನ್ನಲಿಲ್ಲ, ಕಾಲವೇ ಹಾಗಿತ್ತು ಎನ್ನಲಿಲ್ಲ. ನಾನು ಮುಗಿಸಿದ ಮೇಲೆ ಅವನು ಹೇಳಿದ:

‘ಇನ್ನೊಂದದೆ ಮೇಷ್ಟ್ರೇ, ನಿಮ್ಗೆ ಗೊತ್ತಿಲ್ದುದು. ಕಿಟ್ಕಿ ಸಂದೀಲಿ ನಿಮ್ಮುನ್ನ ನೋಡ್ತಿದ್ದೆ. ನೀವು ಬರಿಗಾಲಲ್ಲಿದ್ರಿ. ಚಪ್ಲಿ ಮೆಟ್ಕಳ್ದೆ ಓಡ್ಬಂದಿದ್ರಿ. ಬಾಳ ಒತ್ತು ನಿಂತಿದ್ರಿ. ಆ ಕಾಲು ನಂಗೆ ಇವತ್ಗೂ ಕಾಣ್ತವೆ.’

ನಾನು ಬರಿಗಾಲಲ್ಲಿದ್ದದ್ದು ನನಗೇ ಮರೆತಿತ್ತು, ಸುಂದ್ರಮ್ಮ. ಎಲ್ಲವನ್ನೂ ನೆನಪಿಟ್ಟಿದ್ದೇನೆ ಎಂದುಕೊಂಡ ನಾನು ಅದನ್ನು ಮರೆತಿದ್ದೆ. ಆ ಬೆಳಿಗ್ಗೆಯನ್ನು ನಾನೊಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದೇನೆ ಎಂದು ತಿಳಿದಿದ್ದೆ. ಇನ್ನೊಂದು ತುದಿಯನ್ನು ಇವನು ಹಿಡಿದುಕೊಂಡೇ ಇದ್ದ. ಈ ಕಥೆಯನ್ನು ಮೂವತ್ತೊಂದು ವರ್ಷದಲ್ಲಿ ಊರಿಗೆಲ್ಲ ಹೇಳಿದ್ದೇನೆ, ಬಂದ ಪಾದ್ರಿಗಳಿಗೆಲ್ಲ ಹೇಳಿದ್ದೇನೆ. ಕೇಳಬೇಕಾದವನಿಗೆ ಹೇಳಿದ್ದು ಇದೇ ಮೊದಲು. ಹೇಳಿ ಮುಗಿಸಿದ ಮೇಲೆ ಸ್ಟೂಲಿನ ಮೇಲೆ ಕುಳಿತೆ.

ಅವನು ಕೇಳಿದ: ‘ಅಮ್ಮಾವ್ರು ಕೊನೇಲಿ ಏನಾರಾ ಅಂದ್ರಾ?’

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿಲ್ಲ. ನಾನೂ ಯಾರಿಗೂ ಅವಕಾಶ ಕೊಟ್ಟಿಲ್ಲ, ನನ್ನ ಮಾತು ಗೋಡೆಯ ಹತ್ತಿರವೇ ನಿಲ್ಲುತ್ತಿತ್ತು.

‘ಕೋಳಿ ಮುಚ್ಚಿದಿರಾ ಅಂತ ಕೇಳಿದಳು’ ಎಂದೆ.

ಅವನು ನಕ್ಕ. ಹಲ್ಲಿಲ್ಲದ ಬಾಯಿ, ನಗು ಕೆಮ್ಮಾಯಿತು. ‘ಆ ಕೆಂಪುಂಜ ಇತ್ತಲ್ಲ ಮೇಷ್ಟ್ರೇ, ಪ್ರಾರ್ಥ್ನೆಗೆ ಅಂತ ನಾನ್ ಬಂದಾಗೆಲ್ಲ ಪಂಚೆ ಇಡ್ಕಂಡ್ ಎಳೀತಿತ್ತು. ಅಮ್ಮಾವ್ರು, ಅದ್ಕೂ ರಕ್ಷಣೆ ಬೇಕಂತೆ ಉಪದೇಶಿಗಳೇ, ಒಂದ್ ವಚ್ನ ಏಳಿ ಅನ್ನೋರು.’

ನನಗೆ ಆ ಹುಂಜ ಕಣ್ಣ ಮುಂದೆ ಬಂತು. ಅಮ್ಮ ಸೆರಗು ಬಾಯಿಗೆ ಹಿಡಿದು ನಗುವುದು ಬಂತು. ಅವಳು ತಮಾಷೆಯ ಹೆಂಗಸು, ಜ್ಞಾಪಕವಿದೆಯೇ ನಿನಗೆ? ನನಗೆ ಇರಲಿಲ್ಲ. ಅವಳನ್ನು ನೆನೆದಾಗಲೆಲ್ಲ ಚಾಪೆ ಸುತ್ತಿದ ದೇಹವೊಂದೇ ಬರುತ್ತಿತ್ತು. ಎಲೀಷಪ್ಪನನ್ನು ಬಿಡಬಾರದೆಂದು ಹಿಡಿದುಕೊಂಡು, ಅಮ್ಮನನ್ನೂ ಆ ಒಂದು ದಿನದೊಳಗೇ ಕೂಡಿಹಾಕಿದ್ದೆ.

ಕ್ಷಮಿಸಿದೆ ಎಂಬ ಮಾತನ್ನು ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ. ಹೊರಡುವಾಗ ಅವನ ಬಲಗೈಯನ್ನು ಎರಡು ಕೈಯಲ್ಲಿ ಹಿಡಿದೆ. ಆರಾಧನಾ ಕ್ರಮದ ಮಾತು ನನ್ನ ಬಾಯಿಗೆ ಬರಲಿಲ್ಲ, ‘ಗಾಯ ನೆನೆಸಬೇಡಿ’ ಎಂದೆ. ‘ಊಂ’ ಎಂದ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ತಿಳಿಯಬೇಡ. ನನ್ನನ್ನು ಕೇಳದೆ ದೇವರು ಹೇಗೆ ಕ್ಷಮಿಸಿದ ಎಂಬುದನ್ನು ನಾನು ಆತನನ್ನೇ ಕೇಳುತ್ತೇನೆ. ಆದರೆ ಇಷ್ಟು ದಿನ ಆತ ನನ್ನನ್ನೂ ಕೇಳುತ್ತಲೇ ಇದ್ದನೇನೋ, ನನ್ನ ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ.

ಕ್ರಿಸ್ಮಸ್ಸಿಗೆ ಅಯ್ಯನವರು ನಿಮ್ಮಲ್ಲಿಗೆ ಬರುವಾಗ ನಾನೂ ಬರುತ್ತೇನೆ. ಮೇಜಿನ ಹತ್ತಿರ ಹೋಗುತ್ತೇನೆ. ಇದನ್ನು ಊರಿಗೆಲ್ಲ ಹೇಳಬೇಡ, ಎಲ್ಲರೂ ತಿರುಗಿ ನೋಡಿದರೆ ನನಗೆ ಆಗದು.

ಇನ್ನು ವಾಪಸು ಬಂದದ್ದು. ಮಧ್ಯಾಹ್ನದ ಬಸ್ಸು ಹತ್ತಿದೆ. ನಾನು ಬಸ್ಸಿನಲ್ಲಿ ನಿದ್ದೆ ಮಾಡುವವನಲ್ಲ, ನಿನಗೆ ಗೊತ್ತು. ಡ್ರೈವರ್ ಹೇಗೆ ಓಡಿಸುತ್ತಾನೆ, ಕಂಡಕ್ಟರ್ ಯಾರಿಗೆ ಚೀಟಿ ಕೊಡಲಿಲ್ಲ, ಎಲ್ಲವನ್ನೂ ನೋಡಿಕೊಂಡೇ ಬರುತ್ತೇನೆ. ತೆರಕಣಾಂಬಿ ದಾಟಿದ್ದು ಜ್ಞಾಪಕವಿದೆ. ಆಮೇಲೆ ಯಾರೋ ಭುಜ ಅಲುಗಿಸುತ್ತಿದ್ದರು.

‘ಯಜಮಾನ್ರೇ, ಏಳಿ. ಬಸ್ಸು ಇಲ್ಲಿಗೇ ನಿಲ್ತದೆ.’

‘ಯಾವ ಊರಪ್ಪ ಇದು?’

‘ಉಮ್ಮತ್ತೂರು. ಚಾಮ್ರಾಜ್ನಗರ್ದಲ್ಲಿ ಎಬ್ಬುಸ್ದೆ. ನೀವು ಊಂ ಅಂದು ಆ ಕಡೀಕ್ ತಿರುಕ್ಕಂಡ್ರಿ. ಮಗೀನಂಗ್ ಮಲ್ಗಿದ್ರಿ, ಬುಡು ಅತ್ಲಾಗೆ ಅಂತ ಸುಮ್ಕಾದೆ.’

ಪುಟ್ಟಬಸಪ್ಪ ಎಂಬುವರ ಹೋಟೆಲಿನ ಬೆಂಚಿನ ಮೇಲೆ ಟೀ ಕುಡಿದು, ಬಸ್ಸು ತಿರುಗಿ ಹೊರಡುವ ತನಕ ದನಗಳು ಮನೆಗೆ ಬರುವುದನ್ನು ನೋಡುತ್ತಾ ಕುಳಿತಿದ್ದೆ. ಮನೆ ಸೇರಿದ ಮೇಲೆ ಬಸ್ ಕಂಪನಿಗೆ ಬರೆಯಬೇಕೆಂದು ಹಾಳೆ ತೆಗೆದು ಕುಳಿತೆ, ಅಭ್ಯಾಸ. ಯೋಚಿಸಿ ನೋಡಿದರೆ ಯಾರದೂ ತಪ್ಪಿರಲಿಲ್ಲ. ಹಾಳೆ ಸುಮ್ಮನೆ ಹಾಳಾಗಬಾರದೆಂದು ನಿನಗೆ ಬರೆದಿದ್ದೇನೆ.

ನಿನ್ನ ಅಣ್ಣ,
ಬೆನ್ಯಾಮೀನಯ್ಯ